ತಾಮ್ರದ ಕಣ

"ನೀನ ಕೂಸನ್ನ ಕೆಡವಿದ್ದರ, ಕೆಡವೀನಿ ಅಂತ ಹೇಳಿಬಿಡು," ಎಂದಳು ಹುಲಗೆಮ್ಮ ಮಗಳಿಗೆ. "ಒಳಗ ಇಟ್ಕೊಂಡ್ರ ಜಲ್ಮ ಪೂರ್ತಿ ಸುಡ್ತೈತಿ."

ಕೊಪ್ಪಳದಲ್ಲಿ ಮಕ್ಕಳ ಡಾಕ್ಟರ ಕೋಣೆಯ ಹೊರಗೆ ಇಬ್ಬರೂ ಬೆಂಚಿನ ಮೇಲೆ ಕೂತಿದ್ದರು. ಮಗಳು ಮೇಘಾಳ ಐದು ತಿಂಗಳ ಗಂಡುಕೂಸು ಅಜ್ಜಿಯ ತೊಡೆಯ ಮೇಲಿತ್ತು. ಮೂರು ವಾರದ ಹಿಂದೆ ಎಕ್ಸ್‌ರೇ ತೆಗೆಸಿದಾಗ ಅದರ ಮೂರು ಪಕ್ಕೆಲುಬು ಮುರಿದಿರುವುದು ಕಂಡಿತ್ತು. ಅಂದಿನಿಂದ ಗಂಡ ಹನುಮೇಶ ಮಾತು ಬಿಟ್ಟಿದ್ದ. ಹಾಲು ಕುಡಿಸುವಾಗ ಅತ್ತೆ ಎದುರಿಗೇ ಕೂತು ಕಾಯುತ್ತಿದ್ದಳು. ಇವತ್ತೂ ಕೂಸನ್ನು ಹುಲಗೆಮ್ಮನ ಕೈಗೇ ಕೊಟ್ಟು ಕಳಿಸಿದ್ದಳು. ಮೇಘಾ ಕುಷ್ಟಗಿ ಕಡೆಯ ಬೀಜದ ಹೊಲಗಳಲ್ಲಿ ಟೊಮ್ಯಾಟೊ ಹೂವಿನ ಕೇಸರ ಕಿತ್ತು, ಬೇರೆ ಗಿಡದ ಪರಾಗ ಮುಟ್ಟಿಸುವ ಕೆಲಸದವಳು. ಸಾವಿರ ಹೂವು ಮುಟ್ಟಿದರೂ ಒಂದು ತೊಟ್ಟು ಮುರಿಯದ ಕೈ. ಅದೇ ಕೈ ಕೂಸನ್ನು ಎಂದಾದರೂ ಜೋರಾಗಿ ಹಿಡಿಯಿತೇನೋ ಎಂದು ಈಗ ಅವಳಿಗೂ ಅನುಮಾನ ಹುಟ್ಟಿತ್ತು.

ಬೆಂಗಳೂರಿಗೆ ಕಳಿಸಿದ್ದ ರಕ್ತದ ವರದಿ ಬಂದಿತ್ತು. ಡಾಕ್ಟರು ದಾನೇಶ್ವರಿ ಇಬ್ಬರನ್ನೂ ಒಳಗೆ ಕರೆದು, ಕೂಸಿನ ತಲೆ ಸವರಿದರು. ಕೂದಲು ಬಿಳಿಚಿಕೊಂಡು ಸಣ್ಣ ತಂತಿಯಂತೆ ತಿರುಚಿತ್ತು.

"ಮೇಘಾ, ಇದು ನಿನ್ನ ಕೈಲೆ ಆಗಿದ್ದಲ್ಲ. ಯಾರೂ ಕೆಡವಿಲ್ಲ."

"ಮತ್ತ ಎಲುಬು ಹೆಂಗ ಮುರೀತ್ರಿ?"

"ಎಲುಬಿನಾಗ, ರಕ್ತನಾಳದಾಗ, ಹಗ್ಗದ ಎಳಿಯಂಗ ಪ್ರೋಟೀನ್ ಇರ್ತಾವ. ಅವನ್ನ ಒಂದಕ್ಕೊಂದು ಬಿಗಿಯೋದು ಒಂದು ಕಿಣ್ವ. ಕೆಲಸಗಾರ ಅಂತ ತಿಳ್ಕೋ. ಅದಕ್ಕೊಂದು ಹತಾರ ಬೇಕು. ಅದನ್ನ ಹೊರಗಿಂದ ತರೂದಿಲ್ಲ. ಕಿಣ್ವ ತನ್ನ ಮೈಯಾಗಿನ ಎರಡು ತುಣುಕು ಬೆಸೆದು ತಾನ ಮಾಡ್ಕೊಂತೈತಿ. ಆ ಹತಾರದಲೆ ಎಳಿ ತುದಿಯಿಂದ ಎರಡು ಎಲೆಕ್ಟ್ರಾನ್ ಕಸಗೊಂಡು ಆಮ್ಲಜನಕಕ್ಕ ದಾಟಸ್ತೈತಿ. ಎಲೆಕ್ಟ್ರಾನ್ ಕಳಕೊಂಡ ತುದಿ ಸುಮ್ಮನಿರೂದಿಲ್ಲ, ಬಾಜೂದ ಎಳಿ ಹಿಡ್ಕೊಂತೈತಿ. ಹಂಗ ಎಲುಬು ಗಟ್ಟಿ ಆಗ್ತೈತಿ."

"ನನ್ನ ಕೂಸಿಗೆ ಆ ಕಿಣ್ವ ಇಲ್ಲನ್ರಿ?"

"ಐತಿ. ಆದ್ರ ಹತಾರ ತಯಾರಾಗಬೇಕಂದ್ರ ಅಲ್ಲಿ ತಾಮ್ರದ್ದು ಒಂದು ಕಣ ಕುಂತಿರಬೇಕು. ಅದು ಬಂದು ಮುಟ್ಟಿಲ್ಲ. ಕಿಣ್ವ ಬರೀಗೈಲೆ ಕುಂತೈತಿ."

"ತಾಮ್ರದ ತಂಬಿಗಿ ನೀರು ಕುಡಿಸ್ತೀವ್ರಿ," ಎಂದಳು ಹುಲಗೆಮ್ಮ ತಟ್ಟನೆ.

"ಹೊಟ್ಟಿಗೆ ಹೋದದ್ದು ರಕ್ತಕ್ಕ ದಾಟೂದಿಲ್ಲವ್ವ. ದಾಟಿಸೋ ಬಾಗಿಲ ಕೆಟ್ಟೈತಿ. ಹುಟ್ಟಿದ ತಿಂಗಳದಾಗ ತಾಮ್ರದ ಸೂಜಿ ಸುರು ಮಾಡಿದ್ರ ಕೆಲವು ಮಕ್ಕಳಿಗೆ ಉಪಯೋಗ ಆಗ್ತೈತಿ. ಈಗ ಪ್ರಯತ್ನ ಮಾಡ್ತೀನಿ, ಆದ್ರ ಭಾಳ ದಿನದ ಆಸೆ ಇಟ್ಕೋಬ್ಯಾಡ್ರಿ." ಡಾಕ್ಟರು ಮೇಘಾಳ ಕಡೆ ತಿರುಗಿದರು. "ಇನ್ನೊಂದು ಮಾತು. ಇದು ತಾಯಿ ಕಡಿಂದ ಬಂದಿರ್ತೈತಿ. ತಾಯಿಗೆ ಏನೂ ಆಗಿರೂದಿಲ್ಲ, ಗಂಡುಮಕ್ಕಳಿಗೆ ಬಡೀತೈತಿ. ನಿನ್ನ ಅತ್ತೆಗೆ, ಗಂಡಗ ಎಷ್ಟು ಹೇಳಬೇಕು ಅನ್ನೂದು ನೀನ ಹೇಳು."

"ಎಲ್ಲಾ ಹೇಳ್ರಿ. ನನ್ನಿಂದ ಬಂದೈತಿ ಅಂತನೂ ಹೇಳ್ರಿ. ನಾನು ಮುರದಿಲ್ಲ ಅನ್ನೂದಷ್ಟು ಅವರಿಗೆ ಗೊತ್ತಾಗ್ಲಿ." ಮೇಘಾ ತಾಯಿಯ ತೊಡೆಯಿಂದ ಕೂಸನ್ನು ಎತ್ತಿ ಎದೆಗೆ ಒರಗಿಸಿಕೊಂಡಳು. ಕಣ್ಣೀರು ಆಮೇಲೆ ಬಂತು.

"ನಿಮ್ಮ ತವರಾಗ ಇಂಥಾ ಕೂದಲಿನ ಗಂಡುಕೂಸು ಯಾವುದಾರ ತೀರ್ಕೊಂಡಿತ್ತೇನು?" ಎಂದು ಕೇಳಿದರು ಡಾಕ್ಟರು.

"ಇಲ್ರಿ, ನಾನ ಹಿರೇಕಿ," ಎಂದಳು ಮೇಘಾ.

"ಇದ್ದ," ಎಂದಳು ಹುಲಗೆಮ್ಮ. ಮಗಳು ತಿರುಗಿ ನೋಡಿದಳು. "ನಿನಗಿಂತ ಮೊದಲ. ಇದ ಕೂದಲ. ಎಣ್ಣಿ ಹಚ್ಚಿ ಎರಿಯಾಕ ಕಾಲ ಮ್ಯಾಲೆ ಹಾಕ್ಕೊಂಡಿದ್ದೆ, ತೊಡಿ ಎಲುಬು ಕಟ್ ಅಂತು. ವಾರ ಅತ್ತ, ಹೋದ. ಜ್ವರ ಬಂದಿತ್ತು ಅಂತ ಎಲ್ಲರಿಗೂ ಹೇಳಿದೆ. ನಿಮ್ಮಪ್ಪಗೂ ಅದನ್ನ ಹೇಳಿದೆ." ಆಮೇಲೆ ಡಾಕ್ಟರ ಕಡೆ ತಿರುಗಿದಳು. "ಅವಗೂ ತಾಮ್ರ ಮುಟ್ಟಿದ್ದಿಲ್ಲನ್ರಿ?"

"ಈಗ ಪರೀಕ್ಷೆ ಮಾಡಾಕ ಆಗೂದಿಲ್ಲವ್ವ. ಆದ್ರ ನೀವು ಹೇಳಿದ್ದು ಕೇಳಿದ್ರ, ಮುಟ್ಟಿದ್ದಿಲ್ಲ. ನಿಮ್ಮ ಕೈದಲ್ಲ ಅದು."

ಹುಲಗೆಮ್ಮ ಸೆರಗಿನಿಂದ ಬಾಯಿ ಒತ್ತಿಕೊಂಡು ಕೂತಳು. ಆಮೇಲೆ ಮೇಜಿನ ಮೇಲಿದ್ದ ಔಷಧ ಚೀಟಿಯ ಕಟ್ಟನ್ನು ಡಾಕ್ಟರ ಮುಂದೆ ಸರಿಸಿದಳು.

"ನನ್ನ ಕೈದಲ್ಲ ಅಂದ್ರಲ್ಲ, ಅದನ್ನ ಬರದು ಕೊಡ್ರಿ. ನನಗ ಓದಾಕ ಬರೂದಿಲ್ಲ. ಆದ್ರೂ ಬರದು ಕೊಡ್ರಿ."