ಗುಲಾಬಿ ಹೂವಿನ ಕಾಮೆಂಟು

ತುಪ್ಪದಲ್ಲಿ ಅರಳುವ ಇಂಗಿನ ಘಮಕ್ಕೆ ಮನಸೋತು ಅಜ್ಜಿಯ ಸೆರಗು ಹಿಡಿದು ಒಲೆಯ ಮುಂದೆ ನಿಲ್ಲುತ್ತಿದ್ದ ಹುಡುಗಿ, ಈಗ ಮೊಬೈಲಿನ ಮುಂದೆ ನಿಂತು ಊರಿಗೆಲ್ಲ ಅಡುಗೆ ಹೇಳಿಕೊಡುತ್ತಿದ್ದಳು. ದಿನಕ್ಕೊಂದು ವೀಡಿಯೊ, ನೂರಾರು ಹೊಗಳಿಕೆ. ಆದರೆ ಗುಲಾಬಿ ಹೂವಿನ ಚಿತ್ರ ಹಾಕಿಕೊಂಡ ಯಾರೋ ಒಬ್ಬರು ಮಾತ್ರ ದಿನವೂ ಏನಾದರೊಂದು ಕೊಂಕು ತೆಗೆಯುತ್ತಿದ್ದರು. ಅಷ್ಟೂ ಹೊಗಳಿಕೆ ಮರೆತು, ಆ ಒಂದು ಸಾಲಿಗೇ ಅವಳು ಕೊರಗುತ್ತಿದ್ದಳು.

ಆ ಮಧ್ಯಾಹ್ನ ಮಾವನವರಿಗೆ ಬಡಿಸಿ, ಅವರು ಉಂಡೆದ್ದ ಮೇಲೆ ಕುಂಬಳಕಾಯಿ ಹುಳಿಯ ವೀಡಿಯೊ ಹಾಕಿದಳು. ಐದು ನಿಮಿಷವೂ ಆಗಿರಲಿಲ್ಲ, ಗುಲಾಬಿ ಹೂವಿನ ಕಾಮೆಂಟು ಬಂತು.

“ನೋಡಿ ಮಾವ, ‘ಉಪ್ಪು ಸಾಲದು’ ಅಂತೆ! ನಾಳೆಯಿಂದ ಚಾನೆಲ್ಲೇ ಮುಚ್ಚಿಬಿಡ್ತೀನಿ.”

ಮಾವ ಗಾಬರಿಯಾದರು. “ಅಯ್ಯೋ, ಹಾಗೆಲ್ಲ ಮಾಡಬೇಡಮ್ಮ. ನನಗಂತೂ ಅಮೃತದ ಹಾಗಿತ್ತು.”

“ನಿಮಗೆ ನಾನು ಏನು ಬಡಿಸಿದರೂ ಅಮೃತವೇ.”

“ಬಡಿಸಿದವರ ಎದುರಿಗೆ ಅನ್ನಕ್ಕೆ ಹೆಸರಿಡಬಾರದು ಅಂತ ನಮ್ಮಮ್ಮ ಕಲಿಸಿದ್ದಾಳೆ, ತಾಯಿ.”

“ಇವರಿಗೂ ಅವರಮ್ಮ ಕಲಿಸಬೇಕಿತ್ತು! ಅಲ್ಲ ಮಾವ, ಫೋನಿನಲ್ಲಿ ನೋಡಿದವರಿಗೆ ಉಪ್ಪು ಹೇಗೆ ಗೊತ್ತಾಗುತ್ತೆ? ಮನೆಯಲ್ಲಿ ನಾನೇ ಇನ್ನೂ ಉಂಡಿಲ್ಲ...”

ಅವಳ ಕಣ್ಣು ಮಾವನವರ ಕೈಯಲ್ಲಿದ್ದ ಫೋನಿನತ್ತ ಹೊರಳಿತು. ಮಾವನವರು ಯಾಕೋ ಗಡಿಬಿಡಿಯಿಂದ ತಮ್ಮ ಫೋನನ್ನು ಜೇಬಿಗೆ ಸೇರಿಸಿ, ಚಾರ್ಜಿಗೆ ಹಾಕುವ ನೆಪದಲ್ಲಿ ಒಳಗೆ ಹೋದರು.

ಮರುದಿನ ಕ್ಯಾಮೆರಾ ಹಚ್ಚುವ ಮೊದಲೇ ಅವಳು ಬಿಸಿ ಅನ್ನ, ಸಾರು ಬಡಿಸಿದ ತಟ್ಟೆಯನ್ನೂ ಚಾರ್ಜಿಗಿಟ್ಟಿದ್ದ ಅವರ ಫೋನನ್ನೂ ತಂದು ಮಾವನವರ ಕೈಗಿತ್ತಳು.