ಬ್ರೂನೋನ ಬೇಜಾರು

ಮುಂಬಾಗಿಲ ಒಳಮೈ ತುಂಬ ಉಗುರಿನ ಗೀರು ಕಂಡು ವಿನುತಾಗೆ ಪಿತ್ತ ನೆತ್ತಿಗೇರಿತು. ಆಫೀಸಿನ ಬಟ್ಟೆಯಲ್ಲೇ ನಾಯಿ ಡಾಕ್ಟರಿಗೆ ಫೋನ್ ಹಚ್ಚಿದಳು.

“ಬ್ರೂನೋಗೆ ಬೇಜಾರಾಗಿದೆ ಮೇಡಂ. ಇಡೀ ದಿನ ಕೂಡಿಹಾಕಿದ್ರೆ ಯಾವ ಜೀವ ತಡೆಯುತ್ತೆ? ಹೊರಗೆ ಕಳಿಸಿ.”

“ಒಂಟಿಯೇನಲ್ಲ ಡಾಕ್ಟ್ರೇ, ಜೊತೆಗೆ ಕೆಲಸದವಳಿದ್ದಾಳೆ. ಇಬ್ಬರನ್ನೂ ಒಳಗೆ ಬಿಟ್ಟೇ ಬೀಗ ಹಾಕೋದು.”

ಅಡುಗೆಮನೆಯಿಂದ ದ್ಯಾಮವ್ವ ಓಡಿಬಂದಳು. “ನಾನ ದಿನಾ ತಿರುಗಾಡಿಸ್ಕೊಂಡು ಬರ್ತೀನ್ರೀ ಅಕ್ಕಾರ. ಗೇಟಿನ ತನಕನಾದ್ರೂ ಬಿಡ್ರೀ.”

“ನಿನ್ನ ಆಟ ನನಗೆ ಗೊತ್ತಿಲ್ವಾ? ಗೇಟು ದಾಟಿದ್ರೆ ನೀನು ಸೀದಾ ಊರಿನ ಬಸ್ಸು ಹತ್ತೋದೇ. ನಾಯಿಯಾದ್ರೆ ವಾಪಸ್ ಬರುತ್ತೆ.”

ಭಾನುವಾರ ಬಡಗಿ ಬಂದು ಗೀರುಗಳನ್ನೆಲ್ಲ ಉಜ್ಜಿ, ಬಾಗಿಲಿಗೆ ಪಾಲಿಶ್ ಹೊಡೆದು ಹೋದ. ಸೋಮವಾರ ಬೆಳಿಗ್ಗೆ ನಾಯಿಗಳನ್ನು ಆಡಿಸುವ ಕೇಂದ್ರದ ವ್ಯಾನು ಬಂತು. ಬ್ರೂನೋ ಕುಣಿಯುತ್ತ ಹತ್ತಿತು. ವಿನುತಾ ಎಂದಿನಂತೆ ಹೊರಗಿನಿಂದ ಬೀಗ ಜಡಿದು ಆಫೀಸಿಗೆ ಹೋದಳು.

ಸಂಜೆ ಕೇಂದ್ರದಿಂದ ನಾಯಿಯನ್ನು ತಾನೇ ಕರೆತಂದು ಬೀಗ ತೆಗೆದಳು. ಬಾಗಿಲ ಒಳಮೈಯ ಹೊಸ ಪಾಲಿಶಿನ ಮೇಲೆ, ಚಿಲಕದಿಂದ ಹೊಸ್ತಿಲ ತನಕ, ಹಸಿ ಗೀರುಗಳಿದ್ದವು.