ಕೆಂಪು ಬಟ್ಟೆ

ಕನ್ನಡಿಯಲ್ಲಿ ಮಾವನ ಪಿಕಪ್ ಮತ್ತೆ ಕಾಣಿಸಿತು. ಅಳಿಯ ವೇಗ ಹೆಚ್ಚಿಸಿದ, ಅದೂ ಹೆಚ್ಚಿಸಿತು. ಕಾಲು ಸಡಿಲಿಸಿದ, ಅದೂ ನಿಧಾನವಾಯಿತು. ನಡುವಿನ ಅಂತರ ಮಾತ್ರ ಅಳತೆಪಟ್ಟಿ ಹಿಡಿದಂತೆ ಅಷ್ಟೇ ಉಳಿಯಿತು.

ಒಂದು ತಿಂಗಳಿನಿಂದ ಇದೇ ಪಾಡು. ಸರಿಯಾಗಿ ಹೇಳಬೇಕೆಂದರೆ, ಅವನು ಹೆಂಡತಿಯ ಮೇಲೆ ಕೈಮಾಡಿದಂದಿನಿಂದ.

ಅಂದು ಅವಳು ತವರಿಗೆ ಹೋದಳು. ಮಾರನೆಯ ದಿನವೇ ಮಾವ ಅವಳೊಂದಿಗೆ ಬಂದರು, ಮಗಳ ಕೈಯನ್ನು ಬಿಗಿಯಾಗಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿಕೊಂಡು. ಅಷ್ಟು ಬೇಗ ಯಾಕೆ ತಂದು ಬಿಟ್ಟರೆಂದು ಅಕ್ಕಪಕ್ಕದವರಿಗೆ ಆಶ್ಚರ್ಯ. ಮಾವ ಬೈಯಲಿಲ್ಲ, ಕೊರಳಪಟ್ಟಿ ಹಿಡಿಯಲಿಲ್ಲ. ಬೈದಿದ್ದರೆ ಅಳಿಯ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದ. ಅವನ ಮುಖ ನೋಡಲೂ ಅಸಹ್ಯವೆಂಬಂತೆ ಭುಜದ ಆಚೆಗೆಲ್ಲೋ ದೃಷ್ಟಿ ನೆಟ್ಟು ಮೆಲ್ಲಗೆ ಹೇಳಿದರು:

"ಅಳಿಯಂದ್ರೇ, ನಾಳೆಯಿಂದ ನಿಮ್ಮ ಗಾಡಿ ಹಿಂದೆ ನನ್ನ ಗಾಡಿ. ಎಲ್ಲಿಗೆ ಹೋದ್ರೂ ಅಷ್ಟೇ."

ಇಬ್ಬರೂ ಒಂದೇ ಗೋದಾಮಿನ ಡ್ರೈವರುಗಳು. ಹೊಸ ಕಟ್ಟಡಗಳಿಗೆ ಕಬ್ಬಿಣದ ಪೈಪು ಸಾಗಿಸುವ ಕೆಲಸ. ಈ ಸಲ ಬಂದ ಪಿಕಪ್‌ಗಳಿಗೆ ಕಂಪನಿಯವರು ಅರ್ಧ ಬುದ್ಧಿಯನ್ನೂ ಕೂಡಿಸಿ ಕಳಿಸಿದ್ದರು. ಮುಂದಿನ ಗಾಡಿಯನ್ನು ನೋಡಿಕೊಂಡು ತಾವೇ ಓಡುತ್ತಿದ್ದವು, ತಾವೇ ನಿಧಾನಿಸುತ್ತಿದ್ದವು. ಗೆರೆ ದಾಟಿದರೆ ಸ್ಟಿಯರಿಂಗನ್ನು ಮೆಲ್ಲಗೆ ಎಳೆದು ದಾರಿಗೆ ತರುತ್ತಿದ್ದವು. ಚಹಾದ ಹೊತ್ತಿನಲ್ಲಿ ಬೇರೆ ಮಾತೇ ಇರಲಿಲ್ಲ.

"ಕಾಲು ಮಡಚ್ಕೊಂಡು ಕೂತ್ಕೋಬೋದು. ಅರಮನೆ!" ಎಂದ ರೇಡಿಯೋ. ಬಾಯಿ ಮುಚ್ಚದ ಡ್ರೈವರನಿಗೆ ಗೋದಾಮು ಇಟ್ಟ ಹೆಸರು ಅದು.

"ಅರಮನೆಯಂತೆ! ಗೆರೆ ಮುಟ್ಟಿದ್ರೆ ಸಾಕು, ಪೀಂ ಪೀಂ. ಮನೇಲಿ ಒಬ್ಬಳು ಸಾಲ್ದು ಅಂತ ಗಾಡೀಲೂ ಒಬ್ಬಳು," ಎಂದ ದಪ್ಪಣ್ಣ. "ಮೊನ್ನೆ ಯಾವನೋ ಸ್ಕೂಟರ್‌ನೋನು ಅಡ್ಡ ಬಂದ ಅಂತ ಅದೇ ಬ್ರೇಕ್ ಹಾಕ್ತು. ನನ್ನ ಹಲ್ಲು ಉಳಿದದ್ದೇ ಪುಣ್ಯ."

"ಸ್ಕೂಟರ್‌ನೋನೂ ಉಳಿದ್ನಲ್ಲ?"

"ಅದೂ ನಿಜ ಅನ್ನು."

ಕೊನೆಯ ತೀರ್ಪು ಯಾವಾಗಲೂ ಮಾವನದು. "ಕಣ್ಣಿಲ್ಲದವರಿಗೆ ಮಾಡಿದ್ದು ಕಣ್ರೋ ಇದು! ನಾನಂತೂ ಮೊದಲ ದಿನವೇ ಆಫ್ ಮಾಡಿಟ್ಟಿದೀನಿ."

ಎಲ್ಲರೂ ನಕ್ಕರು. "ಹಾಗಾದ್ರೆ ಆ ಹಳೇ ಗಾಡಿ ತಗೊಳ್ಳಿ ಯಜಮಾನ್ರೇ, ಅದಕ್ಕೆ ಬುದ್ಧಿಯ ಕಾಟ ಇಲ್ಲ," ಎಂದ ಮ್ಯಾನೇಜರ್.

ಮಾವ ಬೀಗದ ಕೈಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು. "ಒಂದ್ಸಲ ಕೊಟ್ಟದ್ದನ್ನ ಕಿತ್ಕೋಬೇಡಿ."

ಮುದುಕನ ಹಟ ಎಂದುಕೊಂಡು ಎಲ್ಲರೂ ಎದ್ದರು.

ಅಳಿಯನ ನಿದ್ದೆ ಕೆಡಿಸಿದ್ದು ಇದೇ. ಯಂತ್ರ ಆಫ್ ಆಗಿದೆ, ಹಾಗಿದ್ದೂ ಆ ಅಂತರ ಕೂದಲೆಳೆಯಷ್ಟೂ ಕದಲುವುದಿಲ್ಲ. ಬರೀ ಕಾಲಿನಿಂದ ಇಷ್ಟು ಕರಾರುವಾಕ್ಕಾಗಿ ಹಿಂಬಾಲಿಸಬೇಕಾದರೆ ಒಬ್ಬ ಮನುಷ್ಯನಲ್ಲಿ ಎಷ್ಟು ದ್ವೇಷವಿರಬೇಕು! ಯಾರೂ ಇಲ್ಲದ ಜಾಗದಲ್ಲಿ, ಒಂದಲ್ಲ ಒಂದು ದಿನ, ಆ ಅಂತರ ಮುಗಿಯುತ್ತದೆ. ಹಿಂದಿನಿಂದ ಒಂದು ಗುದ್ದು ಸಾಕು.

ಇಂದು ಬೆಳಿಗ್ಗೆ ಹೆಂಡತಿ ತಲೆ ಎತ್ತದೆ ಅಂದಿದ್ದಳು: "ಅಪ್ಪನ್ನ ಬಿಟ್ಟು ಮುಂದೆ ಓಡಬೇಡಿ. ಒಳ್ಳೇದಾಗಲ್ಲ."

ಗೋದಾಮಿನಲ್ಲಿ ಇನ್ನೂ ಒಂದಾಯಿತು. ಪೈಪುಗಳು ಗಾಡಿಯಿಂದ ಹೊರಚಾಚಿದರೆ ತುದಿಗೆ ಕೆಂಪು ಬಟ್ಟೆ ಕಟ್ಟಬೇಕು. ಅಳಿಯ ಕರವಸ್ತ್ರದಷ್ಟು ತುಂಡು ಕಟ್ಟಿದ್ದ. ಮಾವ ಕುದುರೆಯ ಮೈ ಸವರುವವರಂತೆ ಗಾಡಿಯ ಮೈ ಸವರಿಕೊಂಡು ಹಿಂದಕ್ಕೆ ಬಂದರು. ಬಟ್ಟೆಯನ್ನು ಬೆರಳಿಂದ ಮುಟ್ಟಿ ನೋಡಿ, ಬಿಚ್ಚಿ ಎಸೆದರು. ಚೀಲದಿಂದ ಟವೆಲಿನಷ್ಟು ದೊಡ್ಡ ಕೆಂಪು ಬಟ್ಟೆ ತೆಗೆದು ಬಿಗಿಯಾಗಿ ಗಂಟು ಹಾಕಿದರು.

"ಇನ್ನು ನೀವು ತಪ್ಪಿಸ್ಕೊಳ್ಳೋ ಹಾಗಿಲ್ಲ," ಎಂದು ನಕ್ಕರು.

ಬಲಿಯ ಕುರಿಗೆ ಗುರುತು ಹಾಕಿದಂತಾಯಿತು ಅಳಿಯನಿಗೆ.

ಈಗ ಮಟಮಟ ಮಧ್ಯಾಹ್ನ, ಹೆದ್ದಾರಿ ಬಿಕೋ ಎನ್ನುತ್ತಿತ್ತು. ಕನ್ನಡಿಯ ತುಂಬ ಮಾವನ ಗಾಡಿ, ಅದರ ಮುಂದೆ ಪಟಪಟ ಹಾರುವ ಕೆಂಪು. ಎಡಕ್ಕೆ ಸರ್ವಿಸ್ ರಸ್ತೆಯ ಬಾಯಿ ಕಾಣಿಸಿತು. ಅಳಿಯ ಇಂಡಿಕೇಟರ್ ಹಾಕಲಿಲ್ಲ. ಕೊನೆಯ ಗಳಿಗೆಯಲ್ಲಿ ಸ್ಟಿಯರಿಂಗ್ ತಿರುಗಿಸಿಬಿಟ್ಟ. ಪೈಪುಗಳು ಝಣಗುಟ್ಟಿದವು. ಮಾವನ ಗಾಡಿ ಹೆದ್ದಾರಿಯಲ್ಲೇ ನೇರ ಹೊರಟುಹೋಯಿತು.

ಬದುಕಿದೆ, ಎಂದುಕೊಂಡ. ಆ ಸಮಾಧಾನ ಒಂದು ಉಸಿರಿನಷ್ಟು ಹೊತ್ತು ಇತ್ತು.

ಮುಂದೆ ಹೆದ್ದಾರಿಯ ದುರಸ್ತಿ ನಡೆದಿತ್ತು. ಆಳೆತ್ತರದ ಹಳದಿ ಫಲಕ, ಅದರಾಚೆ ಹಸಿರು ಬಾವುಟ ಬೀಸಿ ಪಕ್ಕಕ್ಕೆ ಕಳಿಸುತ್ತಿದ್ದ ಕೂಲಿಯವನು, ಅವನ ಹಿಂದೆ ರೋಡ್ ರೋಲರ್. ಮಾವನ ಗಾಡಿ ಫಲಕವನ್ನು ಗುದ್ದಿ ಬೀಳಿಸಿತು. ಬಾವುಟದವನು ಎಲ್ಲವನ್ನೂ ಎಸೆದು ಗುಂಡಿಗೆ ಹಾರಿಕೊಂಡ. ಪೀಂ ಪೀಂ ಎಂದು ಯಂತ್ರ ಅರಚಿಕೊಳ್ಳುವುದು ಇಲ್ಲಿಗೂ ಕೇಳಿಸಿತು. ಟೈರುಗಳು ಕಿರುಚಿದವು. ರೋಲರಿನ ಮೈಗೆ ಇನ್ನೇನು ಮೂತಿ ತಾಗಬೇಕು ಎನ್ನುವಾಗ ಗಾಡಿ ತಾನೇ ನಿಂತಿತು.

ಆಫ್ ಮಾಡಿಟ್ಟಿದ್ದ ಯಂತ್ರ!

ಅಳಿಯ ತನ್ನ ಗಾಡಿ ನಿಲ್ಲಿಸಿ, ತಡೆಗೋಡೆ ಹಾರಿ ಓಡಿದ. ಮಾವನ ಬಾನೆಟ್ ಹಿಡಿದು ಎದುರಿಗೇ ನಿಂತ. ಏದುಸಿರಿಗೆ ಮಾತು ಹೊರಡಲಿಲ್ಲ. ಮಾವ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಕೂತಿದ್ದರು. ಕಣ್ಣು ಅಗಲವಾಗಿ ತೆರೆದಿದ್ದವು. ಎಂದಿನಂತೆ ಅವನ ಭುಜದ ಆಚೆಗೆಲ್ಲೋ ನೋಡುತ್ತ, ಕಿಟಕಿಯಿಂದ ತಲೆ ಹೊರಹಾಕಿದರು.

"ಯಾರಪ್ಪಾ ಅದು? ಸ್ವಲ್ಪ ನೋಡಿ ಹೇಳ್ತೀಯಾ, ಕೆಂಪು ಬಟ್ಟೆ ಕಟ್ಟಿರೋ ಗಾಡಿ ಯಾವ ಕಡೆ ಹೋಯ್ತು? ನಂಗೆ ಕಾಣೋದು ಅದೊಂದೇ."